ಕಾಲು ಗಂಟೆಯ ಅಂಚು

ಗುರುವಾರ ಸಂಜೆ ಆರಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ
ಮೂರು ಮಡಿಸುವ ಮೇಜು.
ಒಂದರ ಮೇಲೆ ಬೀನ್ಸಿನ ಡಬ್ಬಿ, ಅಕ್ಕಿ, ಮಕ್ಕಳ ಡಯಾಪರು.
ಇನ್ನೊಂದರ ಹಿಂದೆ ನರ್ಸು ಹೆಲ್ಕೆನಾ,
ಕತ್ತಿ ಹಿಡಿದು ಹಿಡಿದು ಬಿಚ್ಚದಾದ ಬೆರಳುಗಳನ್ನು
ಒಂದೊಂದಾಗಿ ಬಿಡಿಸಿ ಬಿಸಿನೀರಿಗೆ ಅದ್ದುತ್ತಾಳೆ.
ಮೂರನೆಯದು ನನ್ನದು. ರಟ್ಟಿನ ಮೇಲೆ
ಮೂರು ಭಾಷೆಯಲ್ಲಿ ಬರೆದಿದೆ: ಕೂಲಿ ಲೆಕ್ಕ.

ಊರಿಗೆ ಊರೇ ಕೋಳಿ ಕೊಯ್ಯುವ ಊರು.
ಗಾಳಿ ತಿರುಗಿದರೆ ಪ್ರಾರ್ಥನೆಯ ನಡುವೆಯೂ ನುಗ್ಗುತ್ತದೆ
ಬೆಂದ ಗರಿಯ ವಾಸನೆ.
ಅದು ಹಣದ ವಾಸನೆ ಕಣೋ ಅನ್ನುತ್ತಿದ್ದರು ನಮ್ಮಪ್ಪ.

ಪಾದ್ರಿ ಮಾರ್ವಾಗೆ ಗೊತ್ತಿರುವುದು ಇಷ್ಟು:
ಲಾಯ್ಡ್ ಹ್ಯಾಸ್ಕೆಟ್, ನಿವೃತ್ತ, ಹೆಂಡತಿ ತೀರಿಕೊಂಡಿದ್ದಾಳೆ,
ಕೂಡುವುದು ಕಳೆಯುವುದು ಚೆನ್ನಾಗಿ ಬರುತ್ತದೆ.
ಎಲ್ಲಿ ಕಲಿತೆ ಎಂದು ಅವರು ಕೇಳಲಿಲ್ಲ.
ನಾನೂ ಬಾಯಿಬಿಡಲಿಲ್ಲ.

ಈ ವಾರ ಹೆರ್ಲಿಂದಾ ಕಾಲ್ಮೊ ಬಂದಳು,
ಗ್ವಾಟೆಮಾಲಾದ ಬೆಟ್ಟದವಳು, ಸ್ಪ್ಯಾನಿಷ್ ಕೂಡ ಅವಳಿಗೆ ಪರಭಾಷೆ.
ಅವಳ ಮಾಮ್ ಮಾತನ್ನು ಮಗಳು ಯೆಸ್ಮಿ, ಹನ್ನೊಂದು ವರ್ಷ,
ನನ್ನ ಇಂಗ್ಲಿಷಿಗೆ ತಿರುವಿ ಹಾಕುತ್ತಾಳೆ
ನಡುನಡುವೆ ಬಿಸ್ಕತ್ತು ಕಡಿಯುತ್ತಾ.
ಬೂಟಿನ ಡಬ್ಬಿ ತೆರೆದರು. ನಾಲ್ಕು ವರ್ಷದ ಸಂಬಳದ ಚೀಟಿ,
ತಿಂಗಳಿಗೊಂದು ಕಟ್ಟು, ಜಡೆಯ ರಬ್ಬರು ಸುತ್ತಿ.
ಜೊತೆಗೊಂದು ಶಾಲೆಯ ನೋಟುಬುಕ್ಕು.
ಓದು ಬಾರದವಳು ಗಡಿಯಾರ ಬರೆದಿದ್ದಾಳೆ,
ದಿನಕ್ಕೆರಡು ಗಡಿಯಾರ, ಮುಳ್ಳು ಸಮೇತ.

ಒಳಹೋದದ್ದು ಐದು ನಲವತ್ತೇಳು. ಚೀಟಿಯಲ್ಲಿ ಆರು.
ಹೊರಬಂದದ್ದು ಎರಡು ಮೂವತ್ತೇಳು. ಚೀಟಿಯಲ್ಲಿ ಎರಡೂವರೆ.
ಏಪ್ರನ್ನು, ರಬ್ಬರು ಬೂಟು, ಉಕ್ಕಿನ ಬಲೆಯ ಕೈಗವಸು
ಹಾಕುವ, ಬಿಚ್ಚುವ, ತೊಳೆಯುವ ಹೊತ್ತು
ಯಾರ ಲೆಕ್ಕಕ್ಕೂ ಇಲ್ಲ.
ದಿನಕ್ಕೆ ಇಪ್ಪತ್ತು ನಿಮಿಷ. ವಾರಕ್ಕೆ ಆರು ದಿನ. ಎರಡು ಗಂಟೆ.

"ಯಂತ್ರ ತಪ್ಪು ಮಾಡಿತಾ?" ಯೆಸ್ಮಿ ಕೇಳಿದಳು.

ಯಂತ್ರಕ್ಕೇನು ಗೊತ್ತು ಮಗೂ.
ಒಂದು ಮಾರ್ಚಿನಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ,
ಒಬ್ಬ ಮನುಷ್ಯ ಕೂತು ಅದಕ್ಕೆ ಹೇಳಿಕೊಟ್ಟ:
ಬರುವಾಗ ಮುಂದಿನ ಕಾಲು ಗಂಟೆಗೆ ತಳ್ಳು,
ಹೋಗುವಾಗ ಹಿಂದಿನ ಕಾಲು ಗಂಟೆಗೆ ಎಳೆ.
ಮೇಲಿನವರು ಬೆನ್ನು ತಟ್ಟಿದರು. ಕ್ರಿಸ್‌ಮಸ್ಸಿಗೆ ಅವನ ಮನೆಗೆ
ಇಡೀ ಒಂದು ಹ್ಯಾಮು ಬಂತು. ಹೆಂಡತಿ ಜೇನು ಸವರಿ ಬೇಯಿಸಿದಳು.
ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ,
ಎರಡು ಸಲ ಬಡಿಸಿಕೊಂಡೆ.

ಪಟ್ಟಣದಿಂದ ಬರುವ ಎಳೆಯ ವಕೀಲೆ ಟಾಲ್ಯಾ
ಕುಂಟು ಕುರ್ಚಿ ಎಳೆದು ಕೂತಳು:
"ಕಾನೂನು ಎರಡೇ ವರ್ಷ ಹಿಂದಕ್ಕೆ ನೋಡುತ್ತೆ, ಲಾಯ್ಡ್.
ಗೊತ್ತಿದ್ದೂ ಮಾಡಿದ್ದು ಅಂತಾದರೆ ಮೂರು.
ಆದರೆ ಗೊತ್ತಿತ್ತು ಅನ್ನೋಕೆ ಒಳಗಿನವರೇ ಬೇಕಲ್ಲ.
ಯಾರು ಸಿಗ್ತಾರೆ?"

ಹೀಟರು ಒಮ್ಮೆ ಕೆಮ್ಮಿತು.
ಮಹಡಿಯಲ್ಲಿ ಹಾಡಿನವರ ಅಭ್ಯಾಸ, ಅದೇ ಸಾಲು ಮೂರನೇ ಸಲ
ಅದೇ ಕಡೆ ತಪ್ಪಿತು.
ನಾನು ಸೇವೆಗೆಂದು ಬಂದವನಲ್ಲ ಇಲ್ಲಿಗೆ.
ಕದ್ದ ನಿಮಿಷಗಳನ್ನು ಒಂದೊಂದೇ ಹಿಂದಿರುಗಿಸಿ
ಯಾರಿಗೂ ತಿಳಿಯದಂತೆ ಖಾತೆ ಮುಚ್ಚೋಣ ಎಂದಿದ್ದೆ.
ಮುಚ್ಚುವುದಿಲ್ಲ. ಒಂದು ವರ್ಷ ಬಾಕಿ.
ನೂರು ಚಿಲ್ಲರೆ ಗಂಟೆ
ನನ್ನ ನಾಲಿಗೆಯಡಿಯಲ್ಲಿದೆ.

ಹೆರ್ಲಿಂದಾ ಏನೋ ಅಂದಳು. ಯೆಸ್ಮಿ ತಿರುವಿದಳು:
"ನಿಮಗೆ ಹುಷಾರಿಲ್ವಾ ಅಂತ ಕೇಳ್ತಿದ್ದಾಳೆ ಅಮ್ಮ.
ಹೆಲ್ಕೆನಾ ಹತ್ರ ಬೀಪಿ ನೋಡಿಸ್ಕೋಬೇಕಂತೆ,
ದುಡ್ಡು ಕೊಡೋದು ಬೇಡ್ವಂತೆ."

ಹೂಂ ಅಂದೆ. ಪೆನ್ನಿನ ಮುಚ್ಚಳ ತೆಗೆದೆ.
ಫಾರ್ಮಿನ ತಳದಲ್ಲಿ ಖಾಲಿ ಗೆರೆ: ಸಾಕ್ಷಿ.
"ತಡೀರಿ," ಅಂದಳು ಯೆಸ್ಮಿ, "ಮೊದಲು ದಿನಾಂಕ, ಆಮೇಲೆ ಹೊತ್ತು."
ಗೋಡೆಯ ಗಡಿಯಾರ ನೋಡಿದೆ. ಏಳು ಗಂಟೆ ಎಂಟು ನಿಮಿಷ.
ಕೈ ತಾನಾಗಿಯೇ ಏಳೂಕಾಲು ಬರೆಯಹೊರಟಿತು.
ಹಿಡಿದು ನಿಲ್ಲಿಸಿ
ಏಳು ಎಂಟು ಎಂದೇ ಬರೆದೆ.