ಮೂರನೆಯ ಸ್ಯಾಂಪಲ್

ಲೀಮಾದಲ್ಲಿ ಮಳೆಯೆಂಬುದಿಲ್ಲ. ಜುಲೈ ಬಂದರೆ
ಆಕಾಶ ಹಿಂಡದ ಬನಿಯನ್ನು,
ಕಟ್ಟಡದಿಂದ ಕಟ್ಟಡಕ್ಕೆ ಜೋತುಬಿದ್ದು
ತೊಟ್ಟಿಕ್ಕುವುದೂ ಇಲ್ಲ, ಒಣಗುವುದೂ ಇಲ್ಲ.
ಅಂಥದೊಂದು ಮಂಗಳವಾರ ಗಮಾರ್ರಾದ ಬಟ್ಟೆಪೇಟೆಗೆ ಹೋದೆವು
ಯಾದೀರಾ, ವಿಲ್ಮರ್, ನಾನು,
ರಟ್ಟಿನ ಕೊಳವೆಯಲ್ಲಿ ಸುರುಳಿ ಸುತ್ತಿದ ಚಿತ್ರ.

ನಮ್ಮದು ಸಣ್ಣ ಕೆಲಸ. ಬೀದಿಯ ಕೂಗು ಹಿಡಿದಿಡುತ್ತೇವೆ:
ಸಾಣೆಯವನ ಕೊಳಲು,
ಹಳೆ ಹಾಸಿಗೆ ಕೊಳ್ಳುವವನ ಒಡಕು ಮೈಕು,
ಬ್ರೆಡ್ಡಿನ ಸೈಕಲ್ಲಿನ ಪೀಂ ಪೀಂ.
ನವೆಂಬರಿನಲ್ಲೊಂದು ಸಂಜೆ, ವಿಲ್ಮರನ ಮಾವನ ಗ್ಯಾರೇಜಿನಲ್ಲಿ
ದೀಪ ಆರಿಸಿ ಊರಿಗೆ ಊರಿನ ಕೂಗನ್ನೇ ಕೇಳಿಸುವುದು.
ಅದಕ್ಕೆ ಹನ್ನೆರಡು ಅಂಗಿ. ಎದೆಯ ಮೇಲೆ ಸಾಣೆಯವನ ಕೊಳಲು,
ಕೆಳಗೆ ನಮ್ಮ ಹೆಸರು, ಕಂಡೂ ಕಾಣದ ಹಾಗೆ.

ಹನ್ನೆರಡೇ? ನಕ್ಕರು ಕೆಳಗಿನ ಅಂಗಡಿಯಲ್ಲಿ,
ನೂರರ ಕೆಳಗೆ ಕತ್ತರಿ ಮುಟ್ಟುವುದಿಲ್ಲ.
ಮೂರನೆಯ ಮಹಡಿ ಐವತ್ತಕ್ಕಿಳಿಯಿತು.
ಐದನೆಯದು ನಮ್ಮ ಬೂಟು ನೋಡಿ ಬಾಗಿಲೆಳೆದುಕೊಂಡಿತು.
ಏಳನೆಯದಕ್ಕೆ ಬಾಗಿಲೇ ಇಲ್ಲ. ಒಂದು ಪರದೆ, ಒಂದು ಓವರ್‌ಲಾಕ್,
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ದೋನ್ಯಾ ಫ್ಲೋರ್ಮಿರಾ.
ಮೂವತ್ತೊಂದು ವರ್ಷ ಬರೀ ಸ್ಯಾಂಪಲ್ ಹೊಲಿದವಳು.
"ಮೊದಲನೆಯದು ನನ್ನದು. ಆಮೇಲಿನ ಸಾವಿರ ಯಾರದ್ದೋ"
ಎಂದಳು, ಒಂದು ಸೂಜಿಯೂ ಉದುರದಂತೆ.

ಮೊದಲ ಸ್ಯಾಂಪಲ್ಲಿನಲ್ಲಿ ಕೊಳಲು ಬಾಚಣಿಗೆಯಾಗಿತ್ತು.
ಬಸ್ಸಿನಲ್ಲಿ ಒಬ್ಬಾಕೆ ಕೇಳಿಯೇ ಬಿಟ್ಟಳು,
ಸಲೂನು ಎಲ್ಲಿ ತೆರೆದಿದ್ದೀರಿ, ಮಕ್ಕಳ ಕೂದಲಿಗೆ ಎಷ್ಟು.
ಯಾದೀರಾ ಕೊಳವೆಗಳನ್ನು ದಪ್ಪ ಮಾಡಿದಳು, ಒಂದನ್ನು ಮುರಿದಳು,
ಮುರಿದಲ್ಲಿ ಕಟ್ಟಿದ ದಾರ ಬರೆದಳು.
ಎರಡನೆಯದು ಚೆನ್ನಾಗಿತ್ತು, ಒಗೆಯುವವರೆಗೆ.
ಒಗೆದ ಮೇಲೆ ಕತ್ತು ಕುಗ್ಗಿ
ವಿಲ್ಮರನ ಕಿವಿಗಳು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡವು.
ಒಳಗಿಂದ ಏನೋ ಹೇಳಿದ. ಅದನ್ನೂ ಹಿಡಿದಿಡಬೇಕಿತ್ತು.

ನಮ್ಮ ದುಡ್ಡಿನ ಹೆಸರು ಸೋಲ್.
ಮೆಟ್ಟಿಲ ಮೇಲೆ ಕೂತು ಎಣಿಸಿದೆವು: ಹನ್ನೆರಡಂಗಿಯ ಸೋಲು ಕರಗಿ
ಇನ್ನೊಂದೇ ಸ್ಯಾಂಪಲ್ಲಿಗಾಗುವಷ್ಟು ಉಳಿದಿತ್ತು.

ಕತ್ತಿನ ಪಟ್ಟಿಗೆ ಅವತ್ತು ಹನ್ನೊಂದು ನಿಮಿಷ ಜಗಳ.
ಎರಡು ಬೆರಳಗಲವೋ ಒಂದೂವರೆಯೋ.
ಎಳೆದರೆ ಮರಳಬೇಕು ಎಂದು ಫ್ಲೋರ್ಮಿರಾ,
ಬಣ್ಣ ಹೊಂದಬೇಕು ಎಂದು ನಾನು.
ವಿಲ್ಮರನ ಜೇಬಿನಲ್ಲಿ ಯಂತ್ರ ಓಡುತ್ತಲೇ ಇತ್ತು, ಮರೆತು.
ರಾತ್ರಿ, ಅಳಿಸುವ ಮೊದಲು, ಕೇಳಿದೆವು:
ನಮ್ಮ ಜಗಳದ ಅಡಿಯಲ್ಲಿ, ಏಳು ಮಹಡಿಯ ಆಳದಿಂದ
ಒಬ್ಬ ಹೆಂಗಸಿನ ದನಿ ಮೆಟ್ಟಿಲು ಹತ್ತುತ್ತಿದೆ,
ರಿಬ್ಬೂ... ರಿಬ್ಬೂ... ಕತ್ತಿಗೆ, ಕೈಗೆ, ರಿಬ್ಬೂ...
ಮಹಡಿಗೊಮ್ಮೆ ಉಸಿರಿಗೆ ನಿಂತು, ಮತ್ತೆ.
ಪರದೆ ಸರಿದ ಸದ್ದು. ಚಿಲ್ಲರೆ ಎಣಿಸಿದ ಸದ್ದು.
"ಒಂದೂವರೆ," ಎನ್ನುತ್ತಿದೆ ನನ್ನ ದನಿ, "ಒಂದೂವರೆಯೇ ಸರಿ."
ಕೂಗು ಹಿಡಿಯುವವರು ನಾವು.
ಪಕ್ಕದಲ್ಲೇ ನಿಂತು ಹೋಗಿದ್ದಾಳೆ.

ನಾಲ್ಕನೆಯ ದಿನ ಸಿಕ್ಕಳು, ಕೆಟ್ಟ ಲಿಫ್ಟಿನ ಎದುರು
ರಿಬ್ಬಿನ ಮೂಟೆಯ ಮೇಲೆ ಕೂತು ಸೂಪು ಕುಡಿಯುತ್ತ.
ಹೆರ್ಮೆಲಿಂಡಾ ಎಂದಳು ಹೆಸರು. ನವೆಂಬರಿಗೆ ಬರುತ್ತೀರಾ ಎಂದರೆ
"ಕೂಗೋದೇ ಸಾಕಾಗಿದೆ, ಕೇಳೋದೂ ಬೇರೆ ಬೇಕಾ?"

ಬಂದಳು, ತಡವಾಗಿ, ಮೂಟೆ ಸಮೇತ.
ವಿಲ್ಮರ್ ಬಾಚಣಿಗೆ ತೊಟ್ಟಿದ್ದ. ಕುಗ್ಗಿದ್ದು ಯಾದೀರಾಳಿಗೆ ಸರಿಹೋಗಿತ್ತು.
ಮೂರನೆಯದು ಯಾರೂ ತೊಡದೆ
ಬಾಗಿಲ ಮೊಳೆಗೆ ನೇತಾಡುತ್ತಿತ್ತು, ನಮ್ಮ ಬಾವುಟವೆಂದರೆ ಅದೇ.
ಅವಳು ಕೊಳಲು ನೋಡಲಿಲ್ಲ. ಹೆಸರು ಓದಲಿಲ್ಲ.
ಮೂಟೆ ಇಳಿಸಿ, ಕತ್ತನ್ನು ಒಳಮಗ್ಗುಲಿಗೆ ಹೊರಳಿಸಿ,
ಎರಡು ಬೆರಳ ನಡುವೆ ಉಜ್ಜಿ, ಎಳೆದು ಬಿಟ್ಟಳು.
ಅದು ಮರಳಿತು.
"ನನ್ನ ಮಾಲು," ಎಂದಳು. ಆಮೇಲೆ, ದನಿ ತಗ್ಗಿಸಿ,
"ನಿಮಗೆ ಎಷ್ಟು ಹಾಕಿದಳು, ಏಳನೆಯ ಮಹಡಿಯವಳು?"