ಕೆಂಪು ನೂಲು

ಮುಹರ್ರಕ್. ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತ
ರಾತ್ರಿ ಒಂದು ದಾಟಿದೆ.
ನಮ್ಮ ಪುಟ್ಟ ಕೋಡ್ ಭಾಷೆಗೆ ನಾನು ಬರೆದ ತಿದ್ದುಪಡಿ,
ನಲವತ್ತೊಂದನೆಯದು, ವಾಪಸು ಬಂದಿದೆ:
ಬೇಡ. ಕಾರಣವಿಲ್ಲ, ರುಜು ಇದೆ.

ಬಂದರಿನ ಕಂಟೇನರುಗಳ ಲೆಕ್ಕ ಬರೆಯುವ
ನಾವು ಏಳು ಮಂದಿ ದಿನವಿಡೀ ಈ ಭಾಷೆಯಲ್ಲೇ ಬೆವರುತ್ತೇವೆ.
ತೀರ್ಮಾನದ ಸಭೆ ಮಾತ್ರ ನಮ್ಮ ಶುಕ್ರವಾರದ ನಡುಹಗಲಿಗೆ,
ಓಣಿಯ ಚಪ್ಪಲಿಗಳೆಲ್ಲ ಮಸೀದಿಯ ಮೆಟ್ಟಿಲಲ್ಲಿರುವ ಹೊತ್ತಿಗೆ.
ಆಕ್ಷೇಪ ಬರಲಿಲ್ಲ ಎಂದು ಬರೆದುಕೊಳ್ಳುತ್ತಾರೆ.
ಮೌನ ಸಮ್ಮತಿಯಂತೆ.
ಬಾಗಿಲು ಹಾಕಿಕೊಂಡು ಕೇಳಿದರೆ ಗೋಡೆಯೂ ಒಪ್ಪುತ್ತದೆ.

ನಿದ್ದೆ ಬಾರದೆ ಕೆಳಗಿಳಿದೆ. ಟೈಲರ್ ಶೇಕಬ್ಬ
ಯಾರದೋ ಬಿಳಿ ನಿಲುವಂಗಿಯ ತೋಳಿಗೆ
ಉದ್ದುದ್ದ ಟಾಕು ಹಾಕುತ್ತಿದ್ದ, ಕೆಂಪು ನೂಲಿನಲ್ಲಿ.
ಬಿಳಿಗೆ ಕೆಂಪಾ? ಎಂದೆ.
“ಕಚ್ಚಾ ಹೊಲಿಗೆ ಕಣ್ಣಿಗೆ ಹೊಡೆಯಬೇಕು ಮಾರಾಯ,
ಇಲ್ಲವಾದರೆ ಬಿಚ್ಚಲು ಮರೆತೇಹೋಗುತ್ತದೆ.
ತೊಟ್ಟು ಕೈ ಎತ್ತಿ ನೋಡಲಿ ಅವರು.
ಬಿಗಿ ಎಲ್ಲಿ ಅಂತ ನನ್ನ ಕತ್ತರಿಗೇನು ಗೊತ್ತು,
ಕಂಕುಳಿಗೆ ಗೊತ್ತು.”

ಮೇಲೆ ಬಂದೆ. ನಲವತ್ತೊಂದನ್ನು ಅಳಿಸಲಿಲ್ಲ.
ನಲವತ್ತೆರಡು ಬರೆಯಲು ಕೂತೆ. ಇದು
ಭಾಷೆಗಲ್ಲ, ಭಾಷೆ ತಿದ್ದುವ ಬಗೆಗೆ:
ಹೊಸದು ಯಾವುದೇ ಆಗಲಿ, ಮೂರು ತಿಂಗಳು
ಬಿಚ್ಚಬಹುದಾದ ಹೊಲಿಗೆಯಲ್ಲಿರಲಿ.
ದುಡಿಯುವವರು ತೊಟ್ಟು ನೋಡಲಿ.
ಬೇಡ ಎಂದವರು ಯಾಕೆಂದು ಒಂದು ಸಾಲು ಬರೆಯಲಿ,
ನಾಳೆ ಅದೇ ಸಲಹೆ ಹೊತ್ತು ಬರುವ ಹುಡುಗಿಯ ಹಣೆಗೆ
ಅದೇ ಗೋಡೆ ಬಡಿಯದಂತೆ.
ಸಭೆಯ ಹೊತ್ತು ಸರದಿಯಲ್ಲಿ ಸುತ್ತಲಿ;
ಒಮ್ಮೆ ಅವರೂ ನಿದ್ದೆಗೆಡಲಿ.

ಇದಕ್ಕೂ ಬೇಡ ಬರಬಹುದು.
ಯಾವ ನಿಯಮದಂತೆ ಬೇಡ ಅನ್ನುತ್ತಾರೆ,
ಹಳೆಯದೋ, ನಾನು ಈಗ ಬರೆದದ್ದೋ?
ನಗು ಬಂತು. ಕಳಿಸಿದೆ.
ಬಕೆಟ್ಟು ತುಂಬಿ ಚೆಲ್ಲುತ್ತಿತ್ತು.
ಕೆಳಗೆ ಮಿಷನ್ನಿನ ಸದ್ದು
ಇನ್ನೂ ಶುರುವಾಗಿರಲಿಲ್ಲ.