ನಾಲ್ಕನೆಯ ಹಿಡಿತ

ಬನ್ನಿ, ಹತ್ತಿರ ನಿಲ್ಲಿ. ಏಪ್ರನ್ನಿನ ಗುಂಡಿ ಹಾಕಿಕೊಳ್ಳಿ.
ಕೋಲಾರದ ಜಿಲ್ಲಾಸ್ಪತ್ರೆಯ ಈ ವಾರ್ಡಿನಲ್ಲಿ
ಫ್ಯಾನು ಮೂರು, ತಿರುಗುವುದು ಒಂದು;
ಆದ್ದರಿಂದ ಎಂಟು ಜನಕ್ಕಿಂತ ಹೆಚ್ಚು ಒಳಗೆ ಬಿಡುವುದಿಲ್ಲ.

ನಿನ್ನೆ ಕ್ಲಾಸಿನಲ್ಲಿ ಬಟ್ಟೆಗೊಂಬೆಯನ್ನು
ಪ್ಲಾಸ್ಟಿಕ್ ಮೂಳೆಗಳ ನಡುವಿನಿಂದ ತಿರುಗಿಸಿ ಎಳೆದದ್ದು ಸರಿ.
ಕೈ ತಣ್ಣಗಿದ್ದರೆ ಗೊಂಬೆಗೆ ಗೊತ್ತಾಗುವುದಿಲ್ಲ.

ಹೆಸರು ಕೇಳಿದೆಯಾ, ಲೋಹಿತ್?
"ಏಳನೇ ಬೆಡ್ಡು, ಮೇಡಂ. ಎರಡನೇ ಬಸಿರು, ಮೂವತ್ತೆಂಟು ವಾರ."
ಏಳನೇ ಬೆಡ್ಡನ್ನು ಹೆತ್ತವನು ಕಬ್ಬಿಣದ ಅಂಗಡಿಯವನು.
ಇವರ ಹೆಸರು ಕೇಳು.

ಗಂಗರತ್ನ. ಮಂಡಿಯಲ್ಲಿ ಟೊಮೆಟೊ ಆರಿಸುವ ಕೆಲಸ.
ಹೋದ ತಿಂಗಳವರೆಗೂ ಕ್ರೇಟು ಎತ್ತುತ್ತಿದ್ದರಂತೆ,
ನೀನು ಬರೆದುಕೊಂಡಿಲ್ಲ.

ಅಂಗೈ ಉಜ್ಜಿಕೋ. ಇನ್ನೂ.
"ಚೆಯ್ಯಿ ಚಲ್ಲಗುಂದಮ್ಮಾ," ಅಂತ ನನಗೆ ದೂರು ಬಂತು, ಕೇಳಿಸಿತಾ?
ಈ ಊರಲ್ಲಿ ಪಾಠ ಕನ್ನಡದಲ್ಲಿ ಶುರುವಾದರೂ
ನೋವು ತೆಲುಗಿಗೆ ಹೊರಳುತ್ತದೆ, ಉರ್ದುವಿಗೆ ಹೊರಳುತ್ತದೆ,
ಕೊನೆಯ ಗಂಟೆಯಲ್ಲಿ ಯಾವ ಭಾಷೆಗೂ ಅಲ್ಲ.

ಮೊದಲ ಹಿಡಿತ: ಮೇಲೆ, ಎದೆಗೂಡಿನ ಕೆಳಗೆ.
ಮೆತ್ತಗೆ, ಅಗಲವಾಗಿ ಸಿಕ್ಕರೆ ಅದು ಕುಂಡಿ. ನಗಬೇಡ.
ಎರಡನೆಯದು: ಪಕ್ಕಗಳು. ಒಂದು ಕಡೆ ಹಲಗೆಯಂಥ ಬೆನ್ನು,
ಇನ್ನೊಂದು ಕಡೆ ಗಂಟುಗಂಟಾಗಿ ಜಾರುವ ಕೈಕಾಲು.
ಮೂರನೆಯದು: ಕೆಳಗೆ, ಒಂದೇ ಕೈ. ತಲೆ ಅಲುಗುತ್ತದೆಯೇ?
ಈ ಮೂರಕ್ಕೂ ಇವರ ಮುಖ ನಿನ್ನ ಎದುರಿಗಿದೆ.
ನೋವಾದರೆ ಮೊದಲು ಹುಬ್ಬು ಹೇಳುತ್ತದೆ,
ಬಾಯಿ ಆಮೇಲೆ.

ನಾಲ್ಕನೆಯದಕ್ಕೆ ನೀನು ತಿರುಗಬೇಕು:
ಪಾದದ ಕಡೆಗೆ ನಿನ್ನ ಮುಖ, ಮುಖದ ಕಡೆಗೆ ನಿನ್ನ ಬೆನ್ನು.
ಪುಸ್ತಕದಲ್ಲಿ ಇಷ್ಟೇ ಇದೆ.

ನಾನು ಓದುವಾಗ ಒಬ್ಬ ಹೆಂಗಸಿನ ಹೊಟ್ಟೆಯ ಮೇಲೆ
ಒಂದೇ ಮಧ್ಯಾಹ್ನ ಹನ್ನೆರಡು ಜೊತೆ ಕೈ.
ಒಂಬತ್ತನೆಯವು ನನ್ನವು.
ಒಬ್ಬೊಬ್ಬರಾಗಿ ತಿರುಗಿದೆವು, ಒಬ್ಬೊಬ್ಬರಾಗಿ ಬೆನ್ನು ಕೊಟ್ಟೆವು,
ನಮ್ಮ ಬೆನ್ನ ಹಿಂದೆ ಅವಳ ಮುಖ ಏನು ಮಾಡುತ್ತಿತ್ತೋ
ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ.
ಎಲ್ಲ ಮುಗಿದ ಮೇಲೆ ದಿಂಬಿನ ಕವರು ಬದಲಿಸಿದ ಆಯಾ
ಅದನ್ನು ಕಿಟಕಿಯ ಸರಳಿಗೆ ಒಣಹಾಕಿದಳು.
ನಾನು ಕೇಸ್ ಶೀಟಿನಲ್ಲಿ ಬರೆದೆ: ರೋಗಿ ಸಹಕರಿಸಿದರು.
ಹತ್ತಕ್ಕೆ ಎಂಟು ಬಂತು.

ಅದಕ್ಕೇ ಲೋಹಿತ್, ತಿರುಗುವ ಮುಂಚೆ ಹೇಳಿ ತಿರುಗು.
"ಅಕ್ಕ, ಈಗ ಆ ಕಡೆ ತಿರುಗ್ತೀನಿ. ನೋವಾದ್ರೆ ನನ್ನ ಬೆನ್ನಿಗೆ ತಟ್ಟಿ."
"ತಿರುಗಪ್ಪಾ," ಅಂದರು ಗಂಗರತ್ನ, "ನಾನೆಲ್ಲಿಗೆ ಓಡೋಗ್ಲಿ?"
ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು,
ನಾಲ್ಕು ವರ್ಷದಿಂದ ನಾನು ಹುಡುಕುತ್ತಿದ್ದ ವಾಕ್ಯ:
"ಹಣ್ಣು ಒತ್ತಿ ನೋಡಬಾರದು ಕಣಪ್ಪ.
ಸುಮ್ನೆ ಕೈಯಾಗೆ ಇಟ್ಕೋ. ಅದೇ ಹೇಳ್ತದೆ."
ಎಂಟು ಜನರೂ ನೋಟ್ ಬುಕ್ ತೆಗೆದರು.

ರಾತ್ರಿ ಲೇಬರ್ ರೂಮು. ಗ್ರಾಫಿನ ಮೇಲೆ ಗೆರೆ ನಿಧಾನ ಏರುತ್ತಿದೆ,
ಆರು ಸೆಂಟಿಮೀಟರು, ಏಳು, ಒಂದೂವರೆ ಗಂಟೆ ಅಲ್ಲೇ.
ಫರ್ಹೀನ್ ಅವಸರಕ್ಕೆ "ಮುಕ್ಕಿ, ಮುಕ್ಕಿ" ಅಂದಳು.
ಬಾಗಿಲು ತೆರೆಯದೆ ಯಾರನ್ನು ನೂಕುತ್ತೀಯ, ಅಂದೆ.
ಲೋಹಿತ್ ಏನೂ ಅನ್ನಲಿಲ್ಲ. ಸೊಂಟಕ್ಕೆ ಅಂಗೈ ಒತ್ತಿ ನಿಂತ.
ಅವನ ಮಣಿಕಟ್ಟಿನಲ್ಲಿ ಅವರ ಉಗುರು ಮೂಡಿತು.

ಆಮೇಲೆ ಎಲ್ಲ ಒಟ್ಟಿಗೇ.
ತಲೆ, ತಿರುವು, ಭುಜ, ಜಾರಿಕೆ,
ಮೌನ,
ಬೆನ್ನು ಉಜ್ಜಿ, ಇನ್ನೂ ಉಜ್ಜಿ,
ಬೆಕ್ಕಿನಷ್ಟು ಸಿಟ್ಟಿನ ಒಂದು ಕೂಗು.

"ಟೈಮು? ಟೈಮು ಬರೆದವರು ಯಾರು?"
ಗೋಡೆ ಗಡಿಯಾರಕ್ಕೆ ಯುಗಾದಿಯಿಂದ ಶೆಲ್ಲಿಲ್ಲ,
ಮೊಬೈಲುಗಳೆಲ್ಲ ನನ್ನದೇ ಆಜ್ಞೆಯಂತೆ ಹೊರಗಿನ ಟ್ರೇಯಲ್ಲಿ.
ಎಂಟು ಜನ ಭಾವಿ ವೈದ್ಯರು ಒಬ್ಬರ ಮುಖ ಒಬ್ಬರು ನೋಡಿದರು.

ನೆಲ ಒರೆಸುತ್ತಿದ್ದ ಮುನಿವೆಂಕಟಮ್ಮ ತಲೆಯೆತ್ತದೆ ಅಂದಳು:
"ಮಂಡಿ ಲಾರಿ ಈಗ ತಾನೆ ಹೋಯ್ತಲ್ಲ.
ಬರ್ಕೋ, ನಾಲ್ಕಕ್ಕೆ ಹತ್ತು ಕಮ್ಮಿ."

ಬರೆದ.